ಕೀವಿಗೆ ಕಾರಣ ಬದನೆಕಾಯಿ ಅಲ್ಲ!

ಸಿಸೇರಿಯನ್ ಆಗಿ ಐದಾರು ದಿನ. ಇನ್ನೇನು ಮನೆಗೆ ಹೋಗಬೇಕು ಅನ್ನುವಷ್ಟರಲ್ಲಿ ಬಾಣಂತಿಯ ಹೊಲಿಗೆ ಕೆಂಪಾಗಿ, ತುದಿಯಲ್ಲಿ ಕೀವು ಕಾಣಿಸಿಕೊಳ್ಳುತ್ತದೆ. ನೋಡಲು ಬಂದವರದ್ದು ಒಂದೇ ಮಾತು: ‘ಬದನೆಕಾಯಿ ಕೊಟ್ರಾ? ಅದಕ್ಕೇ ನಂಜಾಗಿದೆ!’ ಅಲ್ಲಿಂದ ಬಾಣಂತಿಗೆ ಬರೀ ಸಪ್ಪೆ ಊಟ.

ಆದರೆ ಕೀವಿಗೆ ಕಾರಣ ಊಟದ ತಟ್ಟೆಯಲ್ಲಿಲ್ಲ. ಗಾಯದೊಳಗೆ ಸೇರಿದ ಬ್ಯಾಕ್ಟೀರಿಯಾ, ಅದರ ಜೊತೆ ಹೋರಾಡಿ ಸತ್ತ ಬಿಳಿ ರಕ್ತಕಣಗಳು, ಹಾಳಾದ ಜೀವಕೋಶಗಳು ಎಲ್ಲಾ ಸೇರಿದ್ದೇ ಕೀವು. ಗಾಯ ಮಾಯಲು ಬೇಳೆ, ಹಾಲು, ಮೊಟ್ಟೆ, ತರಕಾರಿ ಎಲ್ಲವೂ ಬೇಕು. ಪಥ್ಯ ಮಾಡಿಸಿದರೆ ದೇಹ ಇನ್ನಷ್ಟು ಸೊರಗುತ್ತದೆ, ಅಷ್ಟೇ.

ಕಳ್ಳ ಯಾರು?

ಇಂಥ ಗಾಯಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಟೆಫೈಲೊಕಾಕಸ್ ಆರಿಯಸ್. ನಮ್ಮಲ್ಲಿ ಎಷ್ಟೋ ಜನರ ಮೂಗಿನಲ್ಲಿ ಇದು ತೆಪ್ಪಗೆ ಕೂತಿರುತ್ತದೆ. ಕೈ ಮೂಲಕ ಗಾಯ ಸೇರಿದರೆ ತೊಂದರೆ ಶುರು. ಹೊಟ್ಟೆಯ ಆಪರೇಷನ್ ಆದವರಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಕೂಡ ಸಿಗುತ್ತವೆ. ಸುಟ್ಟ ಗಾಯದಲ್ಲಿ ಹಸಿರು ಛಾಯೆಯ ಕೀವು ಬಂದರೆ ಸ್ಯೂಡೊಮೊನಾಸ್ ಮೇಲೆ ಅನುಮಾನ. ಆದರೆ ಬಣ್ಣ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಒಂದಕ್ಕೆ ನಾಟುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಎಂಆರ್‌ಎಸ್‌ಎ ಎಂಬ ಹಠಮಾರಿ ಸ್ಟೆಫೈಲೊಕಾಕಸ್‌ಗಂತೂ ಪೆನಿಸಿಲಿನ್ ಗುಂಪಿನ ಮಾತ್ರೆಗಳು ಲೆಕ್ಕಕ್ಕೇ ಇಲ್ಲ!

ಕಲ್ಚರ್ ಟೆಸ್ಟ್ ಅಂದರೇನು?

ಗಾಯದ ಮೇಲ್ಭಾಗ ಸ್ವಚ್ಛ ಮಾಡಿ, ಒಳಗಿನ ಕೀವನ್ನು ಸಿರಿಂಜ್ ಅಥವಾ ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅದೇ ದಿನ ಒಂದು ಸುಳಿವು ಸಿಗುತ್ತದೆ. ನಂತರ ಅಗರ್ ತಟ್ಟೆಯ ಮೇಲೆ ಹಚ್ಚಿ, ನಮ್ಮ ಮೈ ಶಾಖದಷ್ಟೇ ಬಿಸಿ, ಅಂದರೆ ಸುಮಾರು 37 ಡಿಗ್ರಿಯಲ್ಲಿಟ್ಟು ಬೆಳೆಸುತ್ತಾರೆ.

ಈ ಅಗರ್ ಬೇರೇನಲ್ಲ, ನಾವು ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್! 1881ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಟರ್ ಹೆಸ್ ಬಳಸುತ್ತಿದ್ದ ಜೆಲಟಿನ್ ಸೆಕೆಗೆ ಕರಗಿಹೋಗುತ್ತಿತ್ತು. ‘ಅಗರ್ ಹಾಕಿ ನೋಡಿ’ ಎಂಬ ಸಲಹೆ ಬಂದದ್ದು ಅವರ ಹೆಂಡತಿ ಫ್ಯಾನಿಯಿಂದ. ಜೆಲ್ಲಿ ಮಾಡುತ್ತಿದ್ದ ಅನುಭವ ಆಕೆಗಿತ್ತು. ಅಡುಗೆಮನೆಯ ಆ ಉಪಾಯ ಇಂದಿಗೂ ಲ್ಯಾಬ್‌ಗಳಲ್ಲಿ ನಡೆಯುತ್ತಿದೆ.

ಬೆಳೆದ ಬ್ಯಾಕ್ಟೀರಿಯಾದ ಮೇಲೆ ಬೇರೆ ಬೇರೆ ಆಂಟಿಬಯೋಟಿಕ್‌ನ ಪುಟ್ಟ ಬಿಲ್ಲೆಗಳನ್ನಿಟ್ಟು, ಯಾವುದರ ಸುತ್ತ ಬೆಳವಣಿಗೆ ನಿಲ್ಲುತ್ತದೆ ಅಂತ ನೋಡುತ್ತಾರೆ. ಹೀಗಾಗಿ ಪೂರ್ತಿ ರಿಪೋರ್ಟ್‌ಗೆ ಎರಡು-ಮೂರು ದಿನ ಬೇಕು. ರಿಪೋರ್ಟ್‌ನಲ್ಲಿ ಔಷಧಿ ಮುಂದೆ ‘ಎಸ್’ ಇದ್ದರೆ ನಾಟುತ್ತದೆ, ‘ಆರ್’ ಇದ್ದರೆ ನಾಟುವುದಿಲ್ಲ ಎಂದರ್ಥ. ಯಾವುದನ್ನು ಕೊಡಬೇಕು ಅನ್ನೋದು ಮಾತ್ರ ಡಾಕ್ಟರಿಗೇ ಬಿಟ್ಟದ್ದು.

ನಿಮ್ಮ ಗಮನಕ್ಕೆ

* ಕೀವು ಕಂಡರೆ ‘ಕಲ್ಚರ್‌ಗೆ ಕಳಿಸಬೇಕಾ ಡಾಕ್ಟ್ರೇ?’ ಅಂತ ಸಂಕೋಚವಿಲ್ಲದೆ ಕೇಳಿ. ಆಂಟಿಬಯೋಟಿಕ್ ಶುರುವಾಗುವ ಮೊದಲೇ ಸ್ಯಾಂಪಲ್ ತೆಗೆದರೆ ಒಳ್ಳೆಯದು. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಚಿಕಿತ್ಸೆ ತಡವಾಗಬಾರದು.

* ಈಗಾಗಲೇ ಮಾತ್ರೆ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ.

* ಮನೆಯಲ್ಲಿ ಉಳಿದ ಹಳೇ ಮಾತ್ರೆ ನುಂಗಿಸಬೇಡಿ. ಹೊಲಿಗೆಗೆ ಅರಿಶಿನ, ಕಾಫಿಪುಡಿ, ಎಣ್ಣೆ ಹಚ್ಚಬೇಡಿ.

* ಕೀವು ಗಟ್ಟಿಯಾಗಿ ತುಂಬಿಕೊಂಡಿದ್ದರೆ ಮಾತ್ರೆಯೊಂದೇ ಸಾಲದು, ಡಾಕ್ಟರ್ ಅದನ್ನು ಹೊರತೆಗೆಯಬೇಕಾಗುತ್ತದೆ. ನೀವೇ ಹಿಸುಕಬೇಡಿ.

* ಆಪರೇಷನ್ ಆಗಿ 30 ದಿನದವರೆಗೂ ಗಾಯಕ್ಕೆ ಸೋಂಕು ತಗಲಬಹುದು. ನೋವು, ಊತ, ಜ್ವರ, ಕೆಟ್ಟ ವಾಸನೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

* ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ ಕೈ ತೊಳೆಯಿರಿ. ನೋಡಲು ಬಂದವರಿಗೂ ಹೇಳಿ.

ಬಾಣಂತಿಯನ್ನು ನೋಡಲು ಹೊರಟಿದ್ದೀರಾ? ಹಣ್ಣು ಒಯ್ಯಿರಿ, ಪಥ್ಯದ ಪಟ್ಟಿ ಬೇಡ. ‘ರಿಪೋರ್ಟ್ ಬಂತಾ?’ ಅಂತ ಒಂದು ಮಾತು ಕೇಳಿ, ಸಾಕು.