ಪೊಲೀಸರ ಮೇಲಿನ ದೂರು ಯಾರ ಮೇಜಿಗೆ?

1991ರ ಮಾರ್ಚ್ 4, ಸೋಮವಾರ ಬೆಳಿಗ್ಗೆ. ಲಾಸ್ ಏಂಜಲೀಸ್ ನಗರದ ಫುಟ್‌ಹಿಲ್ ಠಾಣೆಗೆ ಪಾಲ್ ಕಿಂಗ್ ಎಂಬವರು ದೂರು ಕೊಡಲು ಬಂದರು. ಅವರ ಸಹೋದರ ರಾಡ್ನಿ ಕಿಂಗ್‌ನನ್ನು ಹಿಂದಿನ ದಿನ ನಡುರಾತ್ರಿ ಕಳೆದ ಮೇಲೆ ಪೊಲೀಸರು ರಸ್ತೆಯಲ್ಲಿ ಕೆಡವಿ ಲಾಠಿಯಿಂದ ಬಡಿದಿದ್ದರು. ಕೌಂಟರಿನಲ್ಲಿ ಕಾಯಿಸಿದರು. ಆಮೇಲೆ ಒಬ್ಬ ಸಾರ್ಜೆಂಟ್ ಒಳಗೆ ಕೂರಿಸಿಕೊಂಡು, ದೂರು ಕೇಳುವ ಬದಲು, ನಿನ್ನ ಮೇಲೆ ಹಿಂದೆ ಏನಾದರೂ ಕೇಸಿತ್ತೇ ಎಂದು ವಿಚಾರಿಸಿದ. ನಿನ್ನ ಸಹೋದರ ದೊಡ್ಡ ತೊಂದರೆಯಲ್ಲಿ ಸಿಕ್ಕಿದ್ದಾನೆ ಎಂದೂ ಹೇಳಿದ. ದೂರಿನ ಫಾರಂ ಮಾತ್ರ ಖಾಲಿಯಾಗಿಯೇ ಉಳಿಯಿತು. ಅದೇ ದಿನ ಜಾರ್ಜ್ ಹಾಲಿಡೇ ಎಂಬವರೂ ಆ ಠಾಣೆಗೆ ಫೋನ್ ಮಾಡಿದ್ದರು. ಆ ರಾತ್ರಿಯ ಹೊಡೆತವನ್ನು ಮನೆಯ ಬಾಲ್ಕನಿಯಿಂದ ವಿಡಿಯೊ ಹಿಡಿದವರು ಅವರು. ಠಾಣೆಯವರು ಆಸಕ್ತಿ ತೋರಲಿಲ್ಲ. ಕ್ಯಾಸೆಟ್ಟನ್ನು ಅವರು ಕೆಟಿಎಲ್‌ಎ ಎಂಬ ಟಿವಿ ವಾಹಿನಿಗೆ ಕೊಟ್ಟರು. ಮುಂದಿನದು ಲೋಕಕ್ಕೆ ಗೊತ್ತು.

ನಮ್ಮ ಓದುಗರಿಗೆ ಆ ಕೌಂಟರಿನ ಮುಂದೆ ನಿಲ್ಲುವುದು ಹೊಸತಲ್ಲ. ಸಾಹೇಬ್ರು ರೌಂಡ್ಸಿಗೆ ಹೋಗಿದ್ದಾರೆ, ಬರೆದುಕೊಟ್ಟು ಹೋಗಿ ನೋಡೋಣ, ಈಗ ಕಂಪ್ಲೇಂಟ್ ಕೊಟ್ಟು ಏನು ಮಾಡ್ತೀರಿ ಎಂಬ ಮಾತುಗಳನ್ನು ಯಾವ ಭಾಷೆಗಾದರೂ ತರ್ಜುಮೆ ಮಾಡಬಹುದು. ಬೇಲಿಯೇ ಹೊಲ ಮೇಯ್ದರೆ ಎಂದು ನಮ್ಮವರು ಹೇಳುವಾಗ ಬೇಲಿಯ ದುರಾಸೆಯ ಮೇಲೆಯೇ ಕಣ್ಣು. ಬೇಲಿಯ ಮೇಲೆ ದೂರು ಬರೆದುಕೊಳ್ಳುವವನು ಯಾರು, ಹೊಲಕ್ಕೆ ಬಂದು ನೋಡುವವನು ಯಾರು ಎಂಬುದು ಬೇರೆಯೇ ಪ್ರಶ್ನೆ. ಈ ಅಧ್ಯಾಯ ಅದರ ಬಗ್ಗೆ.

ಲಾಸ್ ಏಂಜಲೀಸನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿ ಪೊಲೀಸರ ಮೇಲೆ ನಾಗರಿಕರ ಹಿಡಿತ ಇರಲಿಲ್ಲ ಎನ್ನುವಂತಿಲ್ಲ. ಕಾಗದದ ಮೇಲೆ ಅದು 1920ರ ದಶಕದಿಂದಲೇ ಇತ್ತು. ಅಮೆರಿಕದಲ್ಲಿ ಪೊಲೀಸ್ ಪಡೆ ನಮ್ಮಲ್ಲಿಯಂತೆ ರಾಜ್ಯ ಸರ್ಕಾರದ್ದಲ್ಲ, ಹೆಚ್ಚಾಗಿ ಆಯಾ ನಗರದ್ದು. ಲಾಸ್ ಏಂಜಲೀಸಿನ ಪಡೆಯ ಮೇಲೆ ಐವರ ಪೊಲೀಸ್ ಆಯೋಗವಿದೆ. ಐವರೂ ಖಾಕಿ ತೊಡದವರು: ವಕೀಲರು, ವ್ಯಾಪಾರಿಗಳು, ಸಮಾಜದ ಕೆಲಸ ಮಾಡುವವರು. ಮೇಯರ್ ನೇಮಿಸುತ್ತಾರೆ, ನಗರಸಭೆ ಒಪ್ಪುತ್ತದೆ. ಸಾಮಾನ್ಯವಾಗಿ ಮಂಗಳವಾರ ಸಭೆ. ಯಾರು ಬೇಕಾದರೂ ಹೋಗಿ ಮೈಕಿನ ಮುಂದೆ ಒಂದೆರಡು ನಿಮಿಷ ಮಾತಾಡಬಹುದು. ನಗರದ ಸನ್ನದಿನ ಪ್ರಕಾರ ಇಲಾಖೆಯ ಮೇಲಧಿಕಾರ ಈ ಐವರದು. ಹಾಗಾದರೆ ಪಾಲ್ ಕಿಂಗ್ ಅವರ ದೂರನ್ನು ಬರೆದುಕೊಳ್ಳದಷ್ಟು ಧೈರ್ಯ ಠಾಣೆಗೆ ಎಲ್ಲಿಂದ ಬಂತು?

ಅದಕ್ಕೆ 1930ರ ದಶಕಕ್ಕೆ ಹೋಗಬೇಕು. ಆಗ ಫ್ರ್ಯಾಂಕ್ ಶಾ ಎಂಬ ಮೇಯರ್ ಇದ್ದ. ಅವನ ತಮ್ಮ ಜೋ ಶಾ ಪುರಭವನದಲ್ಲಿ ಕೂತು ಪೊಲೀಸ್ ಹುದ್ದೆ ಮಾರುತ್ತಿದ್ದಾನೆಂದು ಊರೆಲ್ಲ ಮಾತು. ಜೂಜುಕಟ್ಟೆಯವರಿಗೂ ಠಾಣೆಗೂ ನೆಂಟಸ್ತಿಕೆ. 1938ರಲ್ಲಿ ಜನ ಆ ಮೇಯರನನ್ನು ಅವಧಿಯ ನಡುವೆಯೇ ಮತ ಹಾಕಿ ಇಳಿಸಿದರು. ಪೊಲೀಸರನ್ನು ರಾಜಕಾರಣಿಗಳ ಕೈಯಿಂದ ಬಿಡಿಸಬೇಕು ಎಂಬ ಸುಧಾರಣೆಯ ಗಾಳಿ ಅದೇ ದಶಕದಲ್ಲಿ ಬೀಸಿ, ಸನ್ನದಿಗೆ ತಿದ್ದುಪಡಿಗಳಾದವು. ಪೊಲೀಸ್ ಮುಖ್ಯಸ್ಥನ ಹುದ್ದೆಗೆ ಸರ್ಕಾರಿ ನೌಕರನ ಭದ್ರತೆ ಸಿಕ್ಕಿತು. ಆರೋಪ ಪಟ್ಟಿ, ವಿಚಾರಣೆ ಎಲ್ಲ ಮುಗಿದು ತಪ್ಪು ಸಾಬೀತಾಗದೆ ಅವನನ್ನು ತೆಗೆಯುವಂತಿಲ್ಲ. ಉದ್ದೇಶ ಒಳ್ಳೆಯದೇ. ಫಲ ನೋಡಿ: ವಿಲಿಯಂ ಪಾರ್ಕರ್ 1950ರಲ್ಲಿ ಮುಖ್ಯಸ್ಥನಾದವನು 1966ರಲ್ಲಿ ಸತ್ತಾಗಲೇ ಕುರ್ಚಿ ಖಾಲಿಯಾದದ್ದು. ಡ್ಯಾರಿಲ್ ಗೇಟ್ಸ್ 1978ರಿಂದ 14 ವರ್ಷ ಕೂತ. ಆಯೋಗದ ಐವರು ಬಂದರು, ಹೋದರು.

ಈ ಜಾಗದಲ್ಲಿ ನಮ್ಮ ದೇಶದ ನೆನಪಾಗದೆ ಇರದು. ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು 7 ನಿರ್ದೇಶನ ಕೊಟ್ಟಿತು. ಡಿಜಿಪಿಗೆ ಕನಿಷ್ಠ 2 ವರ್ಷ ಅವಧಿ, ಮಂತ್ರಿಗಳ ಮರ್ಜಿಯ ವರ್ಗಾವಣೆಗೆ ತಡೆ ಎಂಬುವು ಅದರಲ್ಲಿದ್ದವು. ಜೊತೆಗೇ ಪೊಲೀಸ್ ದೂರು ಪ್ರಾಧಿಕಾರವೂ ಇತ್ತು. ಪೊಲೀಸರನ್ನು ರಾಜಕಾರಣಿಯಿಂದ ಬಿಡಿಸಿದರೆ ಸಾಲದು, ಬಿಟ್ಟ ಮೇಲೆ ಅವರನ್ನು ಕೇಳುವವರು ಬೇಕು ಎಂದು ಕೋರ್ಟು ಒಂದೇ ಆದೇಶದಲ್ಲಿ ಎರಡನ್ನೂ ಕಟ್ಟಿಕೊಟ್ಟಿತ್ತು. ಲಾಸ್ ಏಂಜಲೀಸ್ ಮೊದಲನೆಯದನ್ನು ಮಾಡಿ ಎರಡನೆಯದಕ್ಕೆ ಬರಲು ಅರ್ಧ ಶತಮಾನ ತೆಗೆದುಕೊಂಡಿತು.

ಆ ಅರ್ಧ ಶತಮಾನದಲ್ಲಿ ನಡೆದ ಒಂದು ಸಾವನ್ನು ಹೇಳಲೇಬೇಕು. 1979ರ ಜನವರಿ 3. ಯೂಲಾ ಲವ್ ಎಂಬ ಕಪ್ಪು ವಿಧವೆಯ ಮನೆಗೆ ಗ್ಯಾಸ್ ಕಂಪನಿಯವನು ಸಂಪರ್ಕ ಕಡಿಯಲು ಬಂದ. ಬಿಲ್ಲು ಬಾಕಿ. ಆಕೆ ಸಲಿಕೆಯಿಂದ ಅವನಿಗೆ ಹೊಡೆದು ಓಡಿಸಿದರು. ಆಮೇಲೆ ಅಂಗಡಿಗೆ ಹೋಗಿ 22 ಡಾಲರ್ 9 ಸೆಂಟಿನ ಮನಿ ಆರ್ಡರ್ ಮಾಡಿಸಿಕೊಂಡು ಬಂದರು. ಗ್ಯಾಸ್ ಉಳಿಸಿಕೊಳ್ಳಲು ಕಟ್ಟಬೇಕಿದ್ದ ಹಣ ಅಷ್ಟು. ಅಷ್ಟರಲ್ಲಿ ಕಂಪನಿಯವರು ಪೊಲೀಸರನ್ನು ಕರೆಸಿದ್ದರು. ಆಕೆಯ ಕೈಯಲ್ಲಿ ಅಡುಗೆಮನೆಯ ಚಾಕು. ಇಬ್ಬರು ಪೊಲೀಸರು 12 ಗುಂಡು ಹಾರಿಸಿದರು, 8 ತಗುಲಿದವು. ಮನಿ ಆರ್ಡರ್ ಪರ್ಸಿನಲ್ಲೇ ಇತ್ತು.

ಇಲಾಖೆಯ ಒಳಗಿನ ಮಂಡಳಿ ಎಲ್ಲವೂ ನಿಯಮದಂತೆಯೇ ನಡೆಯಿತು ಎಂದಿತು. ಊರು ಕೆರಳಿತು. ಪೊಲೀಸ್ ಆಯೋಗ ತಾನೇ ಕಡತ ತರಿಸಿಕೊಂಡು ಅದೇ ವರ್ಷ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಆತುರಪಟ್ಟಿದ್ದೀರಿ, ನಿಯಮ ಮುರಿದಿದ್ದೀರಿ ಎಂದು ಅದು ಸ್ಪಷ್ಟವಾಗಿಯೇ ಬರೆಯಿತು. ಆದರೆ ಶಿಕ್ಷೆ ಕೊಡುವ ಅಧಿಕಾರ ಮುಖ್ಯಸ್ಥನದು, ಮುಖ್ಯಸ್ಥ ಆಗಲೇ ತೀರ್ಮಾನ ಹೇಳಿಯಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಅಧಿಕಾರದ ಆ ಹಂಚಿಕೆ ಇವತ್ತಿಗೂ ಅಳಿದಿಲ್ಲ. ಗುಂಡು ಹಾರಿಸಿದ್ದು ನಿಯಮಕ್ಕೆ ಸರಿಯೋ ತಪ್ಪೋ ಎಂದು ಹೇಳುವವರು ಆಯೋಗದವರು; ತಪ್ಪಾದರೆ ಏನು ಮಾಡಬೇಕು ಎಂಬುದು ಮುಖ್ಯಸ್ಥನ ಮೇಜಿನಿಂದ ಶುರುವಾಗುತ್ತದೆ.

1991ಕ್ಕೆ ಮರಳೋಣ. ವಿಡಿಯೊ ಬಂದ ತಿಂಗಳೊಪ್ಪತ್ತಿನಲ್ಲಿ ಆಯೋಗ ಧೈರ್ಯ ಮಾಡಿ ಗೇಟ್ಸ್‌ನನ್ನು ರಜೆಯ ಮೇಲೆ ಕಳಿಸಿತು. ನಗರಸಭೆ ಆಯೋಗದ ಕಾಲೆಳೆಯಿತು, ನ್ಯಾಯಾಲಯ ಅವನನ್ನು ಮತ್ತೆ ಕುರ್ಚಿಗೆ ತಂದಿತು. ಮೇಯರ್ ಟಾಮ್ ಬ್ರ್ಯಾಡ್ಲಿ ಸ್ವತಃ ಹಳೆಯ ಪೊಲೀಸ್ ಅಧಿಕಾರಿ. ಅವರಿಗೂ ಮುಖ್ಯಸ್ಥನಿಗೂ ವರ್ಷಕ್ಕೂ ಮೇಲ್ಪಟ್ಟು ಮಾತೇ ಇರಲಿಲ್ಲ. ಇಲಾಖೆಯನ್ನು ಪರಿಶೀಲಿಸಲು ರಚಿಸಿದ್ದ, ವಾರೆನ್ ಕ್ರಿಸ್ಟೊಫರ್ ಅಧ್ಯಕ್ಷತೆಯ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪಾಲ್ ಕಿಂಗ್ ಅವರ ಆ ಸೋಮವಾರದ ಅನುಭವ ನಮಗೆ ತಿಳಿದಿರುವುದು ಆ ವರದಿಯಿಂದಲೇ. ಅದರಲ್ಲಿನ ಒಂದು ಲೆಕ್ಕ: 1986ರಿಂದ 1990ರವರೆಗೆ ಅತಿಯಾದ ಬಲಪ್ರಯೋಗದ ಬಗ್ಗೆ ನಾಗರಿಕರು ಮಾಡಿದ ಆರೋಪಗಳು 2,152. ಇಲಾಖೆ ನಿಜವೆಂದು ಒಪ್ಪಿದ್ದು 42.

ಮುಂದಿನ ವರ್ಷ ಏಪ್ರಿಲ್ 29ಕ್ಕೆ ಕಿಂಗ್ ಪ್ರಕರಣದ ಪೊಲೀಸರನ್ನು ಜ್ಯೂರಿ ಬಿಟ್ಟಿತು, ಊರು ಹತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಜೂನಿನಲ್ಲಿ ಮತದಾರರು ಸನ್ನದು ತಿದ್ದಿದರು: ಮುಖ್ಯಸ್ಥನಿಗೆ 5 ವರ್ಷದ ಅವಧಿ, ಹೆಚ್ಚೆಂದರೆ ಎರಡು ಸಲ. 1995ರಲ್ಲಿ ಆಯೋಗಕ್ಕೆ ತನ್ನದೇ ಇನ್ಸ್‌ಪೆಕ್ಟರ್ ಜನರಲ್ ಹುದ್ದೆ ಮಂಜೂರಾಯಿತು. ನಮ್ಮ ಐಜಿಪಿಯ ಹಾಗೆ ಖಾಕಿಯ ಹುದ್ದೆಯಲ್ಲ ಇದು, ಆಯೋಗದ ಪರವಾಗಿ ಇಲಾಖೆಯ ಕಡತ ತೆರೆದು ನೋಡುವ ಕಣ್ಣು. ಆ ಕಣ್ಣಿದ್ದಾಗಲೇ ರ‍್ಯಾಂಪಾರ್ಟ್ ಠಾಣೆಯ ಪೊಲೀಸರ ಭ್ರಷ್ಟಾಚಾರದ ಹಗರಣವೂ ಹೊರಬಿತ್ತು, 2001ರಿಂದ ಇಡೀ ಇಲಾಖೆ ಕೇಂದ್ರ ನ್ಯಾಯಾಲಯದ ಉಸ್ತುವಾರಿಗೆ ಹೋಯಿತು. ಅದು ಪೂರ್ತಿ ಮುಗಿದದ್ದು 2013ರಲ್ಲಿ. ಅದರ ಕಥೆಗೇ ಬೇರೆ ಹೊತ್ತಿಗೆ ಬೇಕು.

ನಾಗರಿಕರು ಕೂತರೆ ಪೊಲೀಸರಿಗೆ ಕಷ್ಟ ಎಂಬ ನಂಬಿಕೆ ನನಗೂ ಇತ್ತು. ಅದು ಅಲುಗಿದ್ದು ಶಿಸ್ತು ಮಂಡಳಿಯ ವಿಷಯ ಓದಿದಾಗ. ಕೆಲಸದಿಂದ ತೆಗೆಯುವಷ್ಟು ದೊಡ್ಡ ತಪ್ಪಾದರೆ ಮುಖ್ಯಸ್ಥ ಅಧಿಕಾರಿಯನ್ನು ಮೂವರ ಮಂಡಳಿಗೆ ಕಳಿಸಬೇಕು, ನಮ್ಮ ಇಲಾಖಾ ವಿಚಾರಣೆಯ ಹಾಗೆ. ಇಬ್ಬರು ಹಿರಿಯ ಪೊಲೀಸರು, ಒಬ್ಬ ನಾಗರಿಕ. 2017ರಲ್ಲಿ ಮೂವರೂ ನಾಗರಿಕರೇ ಇರುವ ಮಂಡಳಿಯನ್ನು ಆರೋಪಿತ ಅಧಿಕಾರಿ ಆರಿಸಿಕೊಳ್ಳಬಹುದು ಎಂಬ ತಿದ್ದುಪಡಿ ಮತಕ್ಕೆ ಬಂತು. ಬೇಕು ಎಂದದ್ದು ಪೊಲೀಸರ ಸಂಘ! ಬೇಡ ಎಂದದ್ದು ನಾಗರಿಕ ಹಕ್ಕುಗಳ ಸಂಘಟನೆಗಳು. ತಿದ್ದುಪಡಿ ಗೆದ್ದಿತು. ಕಾರಣ ಗುಟ್ಟೇನಲ್ಲ. ಮಂಡಳಿಯ ನಾಗರಿಕ ಸದಸ್ಯರು ಪೊಲೀಸ್ ಸದಸ್ಯರಿಗಿಂತ ಮೆದುವಾಗಿ ತೀರ್ಪು ಕೊಡುತ್ತಾರೆಂದು ಇನ್ಸ್‌ಪೆಕ್ಟರ್ ಜನರಲ್ ಕಚೇರಿಯ ಅಧ್ಯಯನಗಳೇ ಹೇಳಿದ್ದವು. ಕೆಲಸದ ಒಳಮರ್ಮ ಬಲ್ಲ ಹಿರಿಯ ಪೊಲೀಸನಿಗೆ ಕಿರಿಯನ ನೆಪ ಎಲ್ಲಿ ಸುಳ್ಳು ಎಂದು ಗೊತ್ತಾಗುತ್ತದೆ. ಹೊರಗಿನವನು ಆ ನೆಪವನ್ನು ಗೌರವದಿಂದ ಕೇಳುತ್ತಾನೆ. ಇದು ನನ್ನ ಊಹೆ. ಅಂತೂ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದೊಂದರಿಂದಲೇ ಲೆಕ್ಕ ಹಾಕಿದರೆ ಮೋಸಹೋಗುತ್ತೇವೆ. ಅವರ ಮುಂದಿನ ಕಡತ ಯಾರು ಬರೆದದ್ದು ಎಂದು ಕೇಳಬೇಕು.

ಆ ಪ್ರಶ್ನೆಗೆ ಉತ್ತರ ಹುಡುಕಲು ದಕ್ಷಿಣಕ್ಕೆ, ಮೆಕ್ಸಿಕೊ ಗಡಿಯ ಸ್ಯಾನ್ ಡಿಯಾಗೊಗೆ ಇಳಿಯಬೇಕು. ಅಲ್ಲಿ 1985ರಲ್ಲಿ ಸಾಗನ್ ಪೆನ್ ಎಂಬ ಕಪ್ಪು ಯುವಕನನ್ನು ಪೊಲೀಸರು ತಡೆದರು, ಹೊಡೆದಾಟವಾಯಿತು, ಅವನು ಪೊಲೀಸನ ಬಂದೂಕನ್ನೇ ಕಿತ್ತು ಹಾರಿಸಿದ. ಒಬ್ಬ ಅಧಿಕಾರಿ ಸತ್ತ, ಇಬ್ಬರು ಗಾಯಗೊಂಡರು. ಹೊಡೆತದಿಂದ ಪ್ರಾಣ ಉಳಿಸಿಕೊಳ್ಳಲು ಹಾಗೆ ಮಾಡಿದ ಎಂಬ ವಾದವನ್ನು ಜ್ಯೂರಿ ಕೇಳಿತು. ಕೊಲೆ ಆರೋಪದಿಂದ ಅವನು ಬಿಡುಗಡೆಯಾದ. ಪೊಲೀಸರು ಬೀದಿಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಮಾತು ಊರಿನಲ್ಲಿ ಬಿಸಿಯಾಗಿಯೇ ಉಳಿಯಿತು. 1988ರ ನವೆಂಬರಿನಲ್ಲಿ ಮತದಾರರು ನಾಗರಿಕರ ಪರಿಶೀಲನಾ ಮಂಡಳಿಯನ್ನು ಒಪ್ಪಿದರು.

ಆ ಮಂಡಳಿಯ ಸದಸ್ಯರು ಸಂಬಳವಿಲ್ಲದ ಸ್ವಯಂಸೇವಕರಾಗಿದ್ದರು. ದೂರು ಬಂದರೆ ತನಿಖೆ ಮಾಡುತ್ತಿದ್ದುದು ಪೊಲೀಸ್ ಇಲಾಖೆಯದೇ ಆಂತರಿಕ ವಿಭಾಗ. ತನಿಖೆ ಮುಗಿದ ಮೇಲೆ ಸದಸ್ಯರು ಎರಡು ಮೂರು ಜನರ ತಂಡವಾಗಿ ಆ ವಿಭಾಗದ ಕಚೇರಿಗೇ ಹೋಗಿ, ಅಲ್ಲೇ ಕೂತು, ಕಡತ ಓದಬೇಕಿತ್ತು. ಸಾಕ್ಷಿಯನ್ನು ಕರೆಸಿ ಕೇಳುವಂತಿರಲಿಲ್ಲ. ದೂರು ಕೊಟ್ಟವನ ಮನೆ ಬಾಗಿಲು ತಟ್ಟುವಂತಿರಲಿಲ್ಲ. ಓದಿ ಮುಗಿಸಿ ಒಪ್ಪುತ್ತೇವೆ ಅಥವಾ ಒಪ್ಪುವುದಿಲ್ಲ ಎನ್ನಬಹುದಿತ್ತು. ಸಂಶಯ ಬಂದರೆ ಕಾನೂನು ಸಲಹೆ ಕೇಳುತ್ತಿದ್ದುದು ನಗರದ ವಕೀಲರನ್ನು. ಅದೇ ಕಚೇರಿ ಪೊಲೀಸರ ಮೇಲೆ ದಾವೆ ಬಿದ್ದಾಗ ನಗರದ ಪರ ವಾದಿಸುತ್ತದೆ. ಪರೀಕ್ಷೆ ಬರೆದವನೇ ಉತ್ತರ ಪತ್ರಿಕೆಯ ನಕಲು ತೆಗೆದು ತಿದ್ದುವವನಿಗೆ ಕೊಟ್ಟಂತೆ ನನಗೆ ಕಾಣುತ್ತದೆ.

ಇದರ ಮೇಲೆ ಗುಟ್ಟಿನ ಬೀಗ ಬೇರೆ. ಕ್ಯಾಲಿಫೋರ್ನಿಯಾದ 1978ರ ಕಾನೂನು ಪೊಲೀಸರ ಸೇವಾ ಕಡತಗಳನ್ನು ಗೌಪ್ಯವೆಂದಿತ್ತು. ಸ್ಯಾನ್ ಡಿಯಾಗೊದ ಪತ್ರಿಕೆಯ ಒಡೆತನದ ಕೋಪ್ಲಿ ಪ್ರೆಸ್, ಶಿಸ್ತುಕ್ರಮಕ್ಕೆ ಒಳಗಾದ ಒಬ್ಬ ಅಧಿಕಾರಿಯ ಮೇಲ್ಮನವಿಯ ದಾಖಲೆ ಕೇಳಿ ಕೋರ್ಟಿಗೆ ಹೋಯಿತು. 2006ರ ಆಗಸ್ಟಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕೊಡಬೇಕಿಲ್ಲ ಎಂದಿತು. ಒಂದು ಊರಿನ ಒಬ್ಬ ಅಧಿಕಾರಿಯ ಕಡತಕ್ಕೆ ಹಾಕಿದ ಬೀಗ ಇಡೀ ರಾಜ್ಯಕ್ಕೆ ಬಿತ್ತು. ಲಾಸ್ ಏಂಜಲೀಸಿನಲ್ಲಿ ಅಲ್ಲಿಯವರೆಗೆ ಜನರಿಗೆ ತೆರೆದಿದ್ದ ಶಿಸ್ತು ಮಂಡಳಿಯ ವಿಚಾರಣೆಗಳೂ ಬಾಗಿಲು ಮುಚ್ಚಿದವು. ಬೀಗ ಸ್ವಲ್ಪ ಸಡಿಲವಾದದ್ದು 2019ರ ಜನವರಿ 1ರಿಂದ, ಗುಂಡು ಹಾರಿಸಿದ, ಗಂಭೀರ ಗಾಯ ಮಾಡಿದ, ಲೈಂಗಿಕ ದೌರ್ಜನ್ಯ ಅಥವಾ ಸುಳ್ಳು ದಾಖಲೆ ಸಾಬೀತಾದ ಪ್ರಕರಣಗಳ ಕಡತಗಳಿಗೆ.

ನಗರದ ಪೊಲೀಸರಲ್ಲದೆ ಇಡೀ ಕೌಂಟಿಗೆ, ಅಂದರೆ ಜಿಲ್ಲೆಗೆ, ಚುನಾಯಿತ ಶೆರಿಫ್ ಇದ್ದಾನೆ. ಜೈಲುಗಳು ಅವನ ಕೈಯಲ್ಲಿ. ಸ್ಯಾನ್ ಡಿಯಾಗೊ ಕೌಂಟಿಯ ಮತದಾರರು 1990ರಲ್ಲಿ ಶೆರಿಫ್ ಇಲಾಖೆಗೂ ಒಂದು ಮಂಡಳಿ ಮಾಡಿದರು. ಇದಕ್ಕೆ ಸಮನ್ಸ್ ಅಧಿಕಾರವಿತ್ತು, ಸ್ವಂತ ತನಿಖಾಧಿಕಾರಿಗಳಿದ್ದರು, ನಗರದ ಮಂಡಳಿಗೆ ಇಲ್ಲದ್ದೆಲ್ಲ ಇತ್ತು. ಕಾಲ ಮಾತ್ರ ಇರಲಿಲ್ಲ. ಪೊಲೀಸರಿಗೆ ಶಿಕ್ಷೆ ಕೊಡಬೇಕಾದರೆ ತನಿಖೆ ಒಂದು ವರ್ಷದೊಳಗೆ ಮುಗಿಯಬೇಕೆಂದು ರಾಜ್ಯದ ಕಾನೂನು. ಕೆಲಸಗಾರರು ಕಡಿಮೆ, ಕಡತ ಹೆಚ್ಚು. 2017ರಲ್ಲಿ ಮಂಡಳಿ 22 ಸಾವಿನ ಪ್ರಕರಣಗಳನ್ನು ಅವಧಿ ಮೀರಿತೆಂದು ಒಂದೇ ಸಲ ಕೈಬಿಟ್ಟಿತು. 2022ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಆ ಕೌಂಟಿಯ ಜೈಲುಗಳಲ್ಲಿ 2006ರಿಂದ 2020ರವರೆಗೆ 185 ಜನ ಸತ್ತಿದ್ದಾರೆಂದು ಬರೆದು, ಮಂಡಳಿಯನ್ನೂ ತರಾಟೆಗೆ ತೆಗೆದುಕೊಂಡರು. ಲಾಸ್ ಏಂಜಲೀಸ್ ಕೌಂಟಿಯಲ್ಲಂತೂ 2020ರಲ್ಲಿ ಶೆರಿಫ್ ಇಲಾಖೆಯ ಮೇಲಿನ ನಾಗರಿಕ ಆಯೋಗಕ್ಕೆ ಜನಮತದಿಂದ ಸಮನ್ಸ್ ಅಧಿಕಾರ ಸಿಕ್ಕ ಮೇಲೂ ಶೆರಿಫ್ ಅಲೆಕ್ಸ್ ವಿಯನುಯೇವಾ ಸಮನ್ಸಿಗೆ ಹಾಜರಾಗದೆ ಕೋರ್ಟಿನವರೆಗೂ ಎಳೆದಾಡಿದ.

ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಒಂದು ಸಣ್ಣ ವಾಕ್ಯವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯ ಪ್ರಾಧಿಕಾರ, ಡಿವೈಎಸ್‌ಪಿವರೆಗಿನವರಿಗೆ ಜಿಲ್ಲಾ ಪ್ರಾಧಿಕಾರ ಎಂದು ಹೇಳಿ ಕೋರ್ಟು ಅಲ್ಲಿಗೇ ನಿಲ್ಲಿಸಲಿಲ್ಲ. ಸ್ಥಳಕ್ಕೆ ಹೋಗಿ ವಿಚಾರಿಸಲು ಪ್ರಾಧಿಕಾರಕ್ಕೆ ತನ್ನದೇ ಸಿಬ್ಬಂದಿ ಬೇಕಾಗಬಹುದು, ಸಿಐಡಿ, ಗುಪ್ತಚರ, ಜಾಗೃತ ದಳಗಳ ನಿವೃತ್ತ ತನಿಖಾಧಿಕಾರಿಗಳನ್ನು ಬಳಸಿಕೊಳ್ಳಿ ಎಂದಿತು. ಶಿಫಾರಸು ಇಲಾಖೆಗೆ ಕಟ್ಟುಪಾಡಾಗಿರಬೇಕು ಎಂದೂ ಹೇಳಿತು. ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಎರಡೂ ಹಂತದ ಪ್ರಾಧಿಕಾರಗಳಿಗೆ ಜಾಗ ಮಾಡಿತು. ಠಾಣೆಯ ಗೋಡೆಯ ಮೇಲೆ ಠಾಣಾಧಿಕಾರಿಯ ಫೋನ್ ನಂಬರ್ ಇರುವಷ್ಟು ದಪ್ಪ ಅಕ್ಷರದಲ್ಲಿ ಆ ಪ್ರಾಧಿಕಾರದ ವಿಳಾಸ ಇರುವುದನ್ನು ನಾನಂತೂ ಕಂಡಿಲ್ಲ.

ಕಡತ ಓದುವ ಮಂಡಳಿಯಿಂದ ಕಡತ ಬರೆಯುವ ಆಯೋಗಕ್ಕೆ ಬರಲು ಸ್ಯಾನ್ ಡಿಯಾಗೊ ನಗರಕ್ಕೆ 32 ವರ್ಷ ಬೇಕಾಯಿತು. 2020ರ ನವೆಂಬರಿನಲ್ಲಿ, ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ವರ್ಷದಲ್ಲೇ, ‘ಮೆಷರ್ ಬಿ’ ಎಂಬ ಪ್ರಸ್ತಾವಕ್ಕೆ ನಾಲ್ವರಲ್ಲಿ ಮೂವರು ಮತದಾರರು ಹೌದೆಂದರು. ಹಳೆಯ ಮಂಡಳಿ ಹೋಗಿ ಪೊಲೀಸ್ ಕಾರ್ಯವಿಧಾನಗಳ ಆಯೋಗ ಬಂತು. ಸ್ವಂತ ವಕೀಲ, ಸ್ವಂತ ಸಿಬ್ಬಂದಿ, ಸಮನ್ಸ್ ಹೊರಡಿಸುವ ಅಧಿಕಾರ. ಗುಂಡು ಹಾರಿದರೆ, ಕಸ್ಟಡಿಯಲ್ಲಿ ಸಾವಾದರೆ ತಾನೇ ತನಿಖೆ ಮಾಡಲೇಬೇಕು. ಶಿಕ್ಷೆ ಮುಖ್ಯಸ್ಥನ ಕೈಯಲ್ಲೇ ಉಳಿಯಿತು. ಮತ ಬಿದ್ದ ಮೇಲೆ ವಿವರದ ಕಾನೂನು ಬರೆಯಲು 2022 ಆಯಿತು, 25 ಸ್ಥಾನಗಳಿಗೆ ಸದಸ್ಯರು ಬರಲು 2023. ಕಾರ್ಯವಿಧಾನ ಬರೆಯಬೇಕಿತ್ತು, ಅದರ ಬಗ್ಗೆ ಪೊಲೀಸ್ ಸಂಘದೊಡನೆ ಮಾತುಕತೆಯಾಗಬೇಕಿತ್ತು, ತನಿಖಾಧಿಕಾರಿಗಳನ್ನು ತೆಗೆದುಕೊಳ್ಳಬೇಕಿತ್ತು. ಅಲ್ಲಿಯವರೆಗೆ ಹೊಸ ಸದಸ್ಯರೂ ಹಳಬರ ಹಾಗೆಯೇ ತಂಡವಾಗಿ ಕೂತು ಆಂತರಿಕ ವಿಭಾಗ ಬರೆದ ಕಡತವನ್ನು ಓದಿದರು.