ಡಿಲೀಟ್ ಮಾಡಿದರೆ ಸಾಲದು, ಸ್ಪ್ಯಾಮ್ ಎಂದು ಒತ್ತಿ

ಸೋಮನಾಥಪುರ, ತಿ. ನರಸೀಪುರ, ನಂಜನಗೂಡಿನ ಕಡೆ ಎಷ್ಟೋ ಜನರ ಇಮೇಲ್ ಐಡಿ ಹುಟ್ಟಿದ್ದು ಯಾರಿಗೋ ಪತ್ರ ಬರೆಯಲೆಂದಲ್ಲ. ಹೊಸ ಮೊಬೈಲ್ ಕೊಂಡಾಗ ಅಂಗಡಿಯವರೋ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವಾಗ ಸೈಬರ್ ಸೆಂಟರಿನವರೋ ಮಾಡಿಕೊಟ್ಟದ್ದು. ಆಮೇಲೆ ಅದನ್ನು ಸಿಕ್ಕಸಿಕ್ಕ ಫಾರಂಗಳಲ್ಲೆಲ್ಲ ಬರೆದಿರುತ್ತೇವೆ. ಸಾಲದ ಆಫರ್, ಲಾಟರಿ, ಮನೆಯಲ್ಲೇ ಕೂತು ಸಂಪಾದಿಸಿ ಎನ್ನುವ ಮೇಲುಗಳಿಗೆ ಹೆಚ್ಚಾಗಿ ದಾರಿಯಾಗುವುದು ಇದೇ.

ಅವನ್ನು ಒಂದೊಂದಾಗಿ ಡಿಲೀಟ್ ಮಾಡುತ್ತ ಕೂತರೆ ನಾಳೆ ಮತ್ತೆ ಅಷ್ಟೇ ಬಂದಿರುತ್ತವೆ. ಜಿಮೇಲಿನಲ್ಲಿ ಮೂರು ಚುಕ್ಕೆ ಒತ್ತಿ 'ರಿಪೋರ್ಟ್ ಸ್ಪ್ಯಾಮ್' ಎಂದು ಕೊಡಿ. ಮೇಲು ನಿಜವಾಗಿಯೂ ಆ ವಿಳಾಸದವರ ಸರ್ವರಿನಿಂದ ಬಂದಿದೆಯೇ, ದಾರಿಯಲ್ಲಿ ಯಾರಾದರೂ ತಿದ್ದಿದ್ದಾರೆಯೇ, ಎಷ್ಟು ಜನ ದೂರಿದ್ದಾರೆ ಎಂಬುದನ್ನೆಲ್ಲ ಜಿಮೇಲಿನ ಸ್ಪ್ಯಾಮ್ ಫಿಲ್ಟರ್ ನೋಡುತ್ತದೆ. ಜಿಮೇಲಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲು ಕಳಿಸುವವರ ಮೇಲೆ ಬರುವ ದೂರು ಶೇ. 0.3ರ ಒಳಗಿರಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ನಿಯಮ ಮಾಡಿದೆ. ಅಂದರೆ ಸಾವಿರಕ್ಕೆ ಮೂವರು ದೂರಿದರೂ ಕಂಪನಿಗೆ ಬಿಸಿ ತಟ್ಟುತ್ತದೆ. ನೀವು ಒತ್ತುವ ಒಂದು ಗುಂಡಿಗೂ ಬೆಲೆಯಿದೆ.

ನೀವೇ ಸಾಮಾನು ಕೊಂಡ ಅಂಗಡಿಯಿಂದ ಜಾಹೀರಾತು ಬರುತ್ತಿದ್ದರೆ 'ಅನ್‌ಸಬ್‌ಸ್ಕ್ರೈಬ್' ಸಾಕು. ಗುರುತೇ ಇಲ್ಲದವರ ಮೇಲಿನೊಳಗಿನ ಅನ್‌ಸಬ್‌ಸ್ಕ್ರೈಬ್ ಲಿಂಕನ್ನು ಮಾತ್ರ ಮುಟ್ಟಬೇಡಿ. ಈ ಐಡಿ ಚಾಲ್ತಿಯಲ್ಲಿದೆ, ಓದುವವರಿದ್ದಾರೆ ಎಂದು ನೀವೇ ಹೇಳಿಕೊಟ್ಟ ಹಾಗಾಗುತ್ತದೆ.

ಬ್ಯಾಂಕಿನ ಹೆಸರಿನಲ್ಲಿ ಬರುವುದನ್ನು ಇನ್ನೂ ಹುಷಾರಾಗಿ ನೋಡಬೇಕು. ಮೇಲೆ ದಪ್ಪಕ್ಷರದಲ್ಲಿ ಬ್ಯಾಂಕಿನ ಹೆಸರು, ಕೆಳಗೆ 'ಇಂದೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್' ಎಂಬ ಬೆದರಿಕೆ. ಹೆಸರಿನ ಕೆಳಗಿರುವ ಸಣ್ಣ ಬಾಣದ ಗುರುತು ಒತ್ತಿದರೆ ಅಸಲಿ ವಿಳಾಸ ಕಾಣುತ್ತದೆ: ಅರ್ಥವಿಲ್ಲದ ಅಕ್ಷರ, ಅಂಕಿ, ಕೊನೆಗೆ 'ಜಿಮೇಲ್.ಕಾಂ'. ಯಾವ ಬ್ಯಾಂಕೂ ಅಂಥ ಐಡಿಯಿಂದ ಬರೆಯುವುದಿಲ್ಲ. ಬ್ಯಾಂಕುಗಳು ತಮ್ಮ ಜಾಲತಾಣವನ್ನು 2025ರ ಅಕ್ಟೋಬರ್ 31ರೊಳಗೆ '.ಬ್ಯಾಂಕ್.ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಲಿಂಕನ್ನು ಒತ್ತಿ ಹಿಡಿದರೆ ಅದು ಎಲ್ಲಿಗೆ ಕರೆದೊಯ್ಯುತ್ತದೆಂದು ತೆರೆಯದೆಯೇ ನೋಡಬಹುದು. ಅದರಲ್ಲಿರುವ ಜಾಲತಾಣದ ಹೆಸರು '.ಬ್ಯಾಂಕ್.ಇನ್' ಎಂದು ಮುಗಿಯದಿದ್ದರೆ ಮುಂದೆ ಹೋಗಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನನಗೆ ಸ್ಪ್ಯಾಮಿಗಿಂತ ದೊಡ್ಡ ಚಿಂತೆ, ಅದರ ಜೊತೆಗೆ ಕೊಚ್ಚಿಹೋಗುವ ಒಳ್ಳೆಯ ಮೇಲುಗಳದ್ದು. ಸೋಮನಾಥಪುರದ ಕೇಶವ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಅಲ್ಲಿ ಗೈಡ್, ಟ್ಯಾಕ್ಸಿ, ಹೋಂಸ್ಟೇ ನಂಬಿದವರಿಗೆ ಪರದೇಶದಿಂದ ವಿಚಾರಿಸಿ ಬಂದ ಮೇಲು ಸ್ಪ್ಯಾಮಿಗೆ ಬಿದ್ದರೆ ಒಂದು ಗಿರಾಕಿ ಹೋದಂತೆ. ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿಗೆ ಸಂದರ್ಶನದ ಕರೆಯೇ ತಪ್ಪಬಹುದು. ಜಿಮೇಲ್ ಸ್ಪ್ಯಾಮನ್ನು 30 ದಿನಕ್ಕೆ ತಾನೇ ಅಳಿಸಿಹಾಕುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಆ ಫೋಲ್ಡರಿಗೆ ಇಣುಕಿ. ಬೇಕಾದದ್ದು ಸಿಕ್ಕರೆ 'ನಾಟ್ ಸ್ಪ್ಯಾಮ್' ಒತ್ತಿ, ಕಳಿಸಿದವರನ್ನು ಕಾಂಟ್ಯಾಕ್ಟ್‌ಗೆ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ. ಅರ್ಜಿ ತುಂಬಿಕೊಡುವ ಕೆಲವರು ಅವಸರಕ್ಕೆ ತಮ್ಮದೇ ಐಡಿ ಹಾಕಿಬಿಡುತ್ತಾರೆ. ಹಾಲ್ ಟಿಕೆಟ್ಟಿನ ಸೂಚನೆ ಅವರ ಇನ್‌ಬಾಕ್ಸಿನಲ್ಲಿ ನೂರಾರು ಮೇಲುಗಳ ನಡುವೆ ಹೂತುಹೋಗುತ್ತದೆ. ಸಬ್‌ಮಿಟ್ ಒತ್ತುವ ಮುನ್ನ ಸ್ಕ್ರೀನ್ ತಿರುಗಿಸಿ ತೋರಿಸಲು ಹೇಳಿ. ಐಡಿ ನಿಮ್ಮದೇ ಎಂದು ಓದಿ ನೋಡಿಕೊಳ್ಳಿ.