ಮನೆಯ ಲೆಕ್ಕ ಕಪ್ಪುಹಲಗೆಗೆ ಬರಲಿ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ನೋಡುವ ಗಣಿತ ಪಾಠಯೋಜನೆಗಳ ಕೊನೆಯ ಸಾಲು ಹೆಚ್ಚಾಗಿ ಒಂದೇ ಬಗೆಯದು: "ಗೃಹಕಾರ್ಯ: ಅಭ್ಯಾಸದ 1ರಿಂದ 5 ಲೆಕ್ಕಗಳನ್ನು ಬಿಡಿಸಿ ತನ್ನಿ." ಈ ಸಾಲು ಶಾಲೆಯ ಕೆಲಸವನ್ನು ಮನೆಗೆ ಕಳಿಸುತ್ತದೆಯೇ ಹೊರತು ಮನೆಯಲ್ಲಿರುವ ಗಣಿತವನ್ನು ಶಾಲೆಗೆ ಕರೆಯುವುದಿಲ್ಲ. ಪೋಷಕರ ಸಭೆಗಳಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಮಾತು, "ನಮಗೆ ಓದು ಬರಲ್ಲ ಮೇಡಂ, ನಾವೇನು ಹೇಳಿಕೊಡೋದು?" ಹೀಗೆ ಹೇಳುವ ತಾಯಿ ಆರು ಜನರಿಗೆ ಅಕ್ಕಿ ಅಳೆದು, ಸಂಘದ ಸಾಲದ ಕಂತಿಗೆ ಇನ್ನೆಷ್ಟು ಹೊಂದಿಸಬೇಕೆಂದು ಮನಸ್ಸಿನಲ್ಲೇ ಕೂಡಿಸಿ ಬಂದಿರುತ್ತಾರೆ. ಅದು ಗಣಿತವೆಂದು ಅವರಿಗೆ ಅನ್ನಿಸಿರುವುದಿಲ್ಲ. ಹಾಗಾಗಿ ಅವರ ಮಗುವಿಗೂ ಅನ್ನಿಸುವುದಿಲ್ಲ.

ಎರಡು ಲೆಕ್ಕಗಳ ನಡುವಿನ ಅಂತರ

ತೆರೆಜಿನ್ಹಾ ಕ್ಯಾರಹೆರ್, ಡೇವಿಡ್ ಕ್ಯಾರಹೆರ್ ಮತ್ತು ಅನಾಲೂಸಿಯಾ ಶ್ಲೀಮನ್ ಅವರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯುಕ್ತ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ, 9ರಿಂದ 15 ವರ್ಷದ ಐದು ಮಕ್ಕಳನ್ನು ಅವರು ಗಮನಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟು ಸರಿಯಾಗಿದ್ದವು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ಶೇ. 37ರಷ್ಟು ಮಾತ್ರ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಲ್ಲಿಯೂ ಇಂಥದೇ ಅಂತರ ಕಂಡಿತು. ಶಾಲೆಯ ಲೆಕ್ಕ ಚೆನ್ನಾಗಿ ಬರುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸುವುದೂ ಕಂಡಿತು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು. ಮನೆಯ ಲೆಕ್ಕ ತಾನಾಗಿ ಶಾಲೆಯ ಲೆಕ್ಕವಾಗುವುದಿಲ್ಲ. "ಮನೆಯಲ್ಲಿ ಅಡುಗೆ, ಅಂಗಡಿಯಲ್ಲಿ ಮಗುವನ್ನು ತೊಡಗಿಸಿ" ಎಂದು ಪೋಷಕರಿಗೆ ಹೇಳಿ ಕೈತೊಳೆದುಕೊಂಡರೆ ಸಾಲದು. ಎರಡನ್ನೂ ಜೋಡಿಸುವ ಕೆಲಸ ತರಗತಿಯಲ್ಲಿ, ಶಿಕ್ಷಕರಿಂದ ಆಗಬೇಕು. ಮೂರು ಉದಾಹರಣೆಗಳನ್ನು ನೋಡೋಣ.

ಚಿಲ್ಲರೆ

63 ರೂಪಾಯಿಯ ಸಾಮಾನಿಗೆ 100 ರೂಪಾಯಿ ಕೊಟ್ಟಾಗ ಅಂಗಡಿಯವರು ಕಳೆಯುವುದಿಲ್ಲ, ಕೂಡಿಸುತ್ತಾ ಹೋಗುತ್ತಾರೆ. 2 ರೂಪಾಯಿ ಇಟ್ಟು "ಅರವತ್ತೈದು", 5 ಇಟ್ಟು "ಎಪ್ಪತ್ತು", 10 ಇಟ್ಟು "ಎಂಬತ್ತು", 20 ಇಟ್ಟು "ನೂರು". ಕೊಟ್ಟದ್ದು 2 + 5 + 10 + 20 = 37. ಇದೇ ಲೆಕ್ಕವನ್ನು ದಶಕ ತೆಗೆದುಕೊಂಡು ಕಳೆಯುವಾಗ ಎರಡು ಸೊನ್ನೆಗಳ ಮುಂದೆ ಮಕ್ಕಳು ಎಡವುತ್ತಾರೆ. 47 ಎಂಬ ಉತ್ತರ ಸಾಮಾನ್ಯ. ಎರಡು ವಿಧಾನಗಳನ್ನೂ ಅಕ್ಕಪಕ್ಕ ಬರೆದರೆ, ವ್ಯವಕಲನವೆಂದರೆ 63ರಿಂದ 100ರವರೆಗಿನ ದೂರವೂ ಹೌದು ಎಂಬುದು ಕಾಣುತ್ತದೆ. 47 ಬರೆದ ಮಗು 63ಕ್ಕೆ 47 ಕೂಡಿಸಿ, 110 ಬಂದದ್ದು ನೋಡಿ ತಾನೇ ತಿದ್ದಿಕೊಳ್ಳುತ್ತದೆ.

ಪಾವು, ಅಚ್ಚೇರು, ಸೇರು

ಹಳೇ ಮೈಸೂರು ಸೀಮೆಯ ಹಲವು ಮನೆಗಳಲ್ಲಿ ಇಂದಿಗೂ ಅಕ್ಕಿ ಅಳೆಯುವುದು ಪಾವಿನಲ್ಲಿ. ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. ಅಂದರೆ ಪಾವು ಕಾಲು ಸೇರು, ಮೂರು ಪಾವು ಮುಕ್ಕಾಲು ಸೇರು. 'ಮುಕ್ಕಾಲು' ಎಂಬ ಪದದೊಳಗೇ ಮೂರು ಕಾಲುಗಳಿವೆ. 3/4 ಎಂಬ ಬರಹ ಹೇಳುವುದೂ ಅದನ್ನೇ. 4 ದೊಡ್ಡದಾದ್ದರಿಂದ 1/2ಕ್ಕಿಂತ 1/4 ದೊಡ್ಡದು ಎನ್ನುವ ಮಗುವಿಗೆ ಸೇರು ತುಂಬಿಸಲು ಹೇಳಿ. ಅಚ್ಚೇರಿನಿಂದ ಎರಡು ಸಲ ಸಾಕು, ಪಾವಿನಿಂದ ನಾಲ್ಕು ಸಲ ಬೇಕು. ಹೆಚ್ಚು ಸಲ ಬೇಕಾದ ಅಳತೆ ಚಿಕ್ಕದು ಎಂಬುದು ಕೈಗೆ ತಿಳಿದ ಮೇಲೆ ಛೇದದ ಅರ್ಥ ಹೇಳುವುದು ಸುಲಭ. ಪಾವು ಇಲ್ಲದ ಮನೆಯಲ್ಲಿ ಲೋಟ, ಚೊಂಬು ಸಾಕು.

ಮೊಳ

ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಮನೆಯವರ ಮೊಳದಷ್ಟು ಉದ್ದದ ದಾರವನ್ನು ಪ್ರತಿ ಮಗುವೂ ತರಲಿ. ದಾರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಒಂದಕ್ಕೊಂದು ಹೊಂದುವುದಿಲ್ಲ. "ಹಾಗಾದರೆ ಹೂವು ಕೊಳ್ಳುವಾಗ ಯಾರ ಮೊಳ ಲೆಕ್ಕ?" ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಸೆಂಟಿಮೀಟರ್ ಏಕೆ ಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ಪ್ರಶಿಕ್ಷಣಾರ್ಥಿಗಳು ಅನುಸರಿಸಬಹುದಾದ ಕ್ರಮ

ಮೊದಲ ದಿನ, ಮಗುವಿನ ಬಾಯಲ್ಲಿ ಒಂದೇ ಪ್ರಶ್ನೆಯನ್ನು ಮನೆಗೆ ಕಳಿಸಿ. ಚೀಟಿ ಬೇಡ, ಓದು ಬಾರದವರ ಮನೆಯಲ್ಲಿ ಚೀಟಿ ಮುಜುಗರ ತರುತ್ತದೆ. "ಅಜ್ಜಿ, ಇಷ್ಟೇ ಅಕ್ಕಿ ಸಾಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂಬಂಥ ಪ್ರಶ್ನೆ ಸಾಕು. ಉತ್ತರಕ್ಕಿಂತ 'ಹೇಗೆ' ಎಂಬುದು ನಮಗೆ ಮುಖ್ಯ.

ಎರಡನೆಯ ದಿನ, ಮೂರು ನಾಲ್ಕು ಮಕ್ಕಳು ಮನೆಯವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಲಿ. ಅದನ್ನು ತಿದ್ದದೆ ಹಲಗೆಯ ಎಡಭಾಗದಲ್ಲಿ ಬರೆಯಿರಿ. ಬಲಭಾಗದಲ್ಲಿ ಪಠ್ಯಪುಸ್ತಕದ ವಿಧಾನವಿರಲಿ. "ಎಡಗಡೆಯ ಈ ಹೆಜ್ಜೆ ಬಲಗಡೆ ಎಲ್ಲಿದೆ?" ಎಂದು ಕೇಳಿ. ಪಾಠದ ತಿರುಳು ಈ ಹೋಲಿಕೆಯಲ್ಲಿದೆ. ಮಗುವಿನ ಆಲೋಚನೆಯನ್ನು ಗಣಿತೀಕರಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ತರಗತಿಯಲ್ಲಿ ಅದು ಕಾಣುವುದು ಹೀಗೆ.

ಕೆಲವು ಎಚ್ಚರಿಕೆಗಳೂ ಬೇಕು. ಮನೆಯ ಆದಾಯ, ಸಾಲ, ಸಾಮಾನಿನ ಖರ್ಚು ಕೇಳಬೇಡಿ. ತರಗತಿಯಲ್ಲಿ ಬಡತನ ಬಯಲಾಗಬಾರದು. ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಹಾಸ್ಟೆಲ್ ಅಡುಗೆಮನೆಯೇ ಮನೆ. ಅಡುಗೆಯ ಪ್ರಶ್ನೆ ಹುಡುಗಿಯರಿಗೆ, ಅಂಗಡಿಯ ಪ್ರಶ್ನೆ ಹುಡುಗರಿಗೆ ಎಂದು ಹಂಚಬೇಡಿ. ಮನೆಯವರು ಮಗುವನ್ನು ಪರೀಕ್ಷಿಸಲಿ ಎಂದೂ ಹೇಳಬೇಡಿ. ಪ್ರಶ್ನೆ ಕೇಳುವುದು ಮಗುವಿನ ಕೆಲಸ, ಹೇಳಿಕೊಡುವುದು ಹಿರಿಯರದು. ಆ ಒಂದು ಸಂಜೆಯಾದರೂ ಓದು ಬಾರದ ತಾಯಿ ಗಣಿತದ ಶಿಕ್ಷಕಿಯಾಗುತ್ತಾರೆ.

ಪಾಠ ವೀಕ್ಷಣೆಗೆ ಬರುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಕೋರಿಕೆ. ಬೋಧನೋಪಕರಣ, ಹಲಗೆಯ ಬರಹ, ಸಮಯಪಾಲನೆಗಳ ಜೊತೆಗೆ ಇನ್ನೊಂದನ್ನೂ ಗುರುತಿಸೋಣ: ಮನೆಯಿಂದ ಬಂದ ಒಂದು ವಿಧಾನವಾದರೂ ಇಂದು ಹಲಗೆಯ ಮೇಲೆ ಬಂತೇ, ಅದು ಪುಸ್ತಕದ ವಿಧಾನಕ್ಕೆ ಹೇಗೆ ಸೇರುತ್ತದೆಂದು ಮಕ್ಕಳೇ ಹೇಳಿದರೇ?